ಕಾಲು ಸುತ್ತು ಬಿಗಿ

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ತೀರಿಹೋದವರ ಬಗ್ಗೆ ಬರೆಯುವಾಗ ಮೊದಲು ಒಳ್ಳೆಯ ಮಾತು ಬರೆಯಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಒಳ್ಳೆಯ ಮಾತು ಬೇಕಾದಷ್ಟಿದೆ, ಬರೆಯುತ್ತೇನೆ. ಆದರೆ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಬರೆದರೆ ಅವರು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಆಗಿಬಿಡುತ್ತಾರೆ. ನಾನು ಕಂಡ ಮನುಷ್ಯ ಅದಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಉಡುಪಿ ಕಡೆಯ ಒಂದು ಶಾಲೆಯಲ್ಲಿ. ಅಲ್ಲಿಂದ ಸೀದಾ ಬರೋಡಾಕ್ಕೆ ಬಂದೆ, ಸಂಬಂಧಿಕರ ಹೋಟೆಲಿಗೆ. ಹೋಟೆಲು ನನಗೆ ಹಿಡಿಸಲಿಲ್ಲ, ಅದರ ಎದುರು ಬಂದು ನಿಲ್ಲುತ್ತಿದ್ದ ಮೋಟಾರ್ ಸೈಕಲ್ಲುಗಳು ಹಿಡಿಸಿದವು. ಮಕರಪುರದ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಒಂದು ಗ್ಯಾರೇಜಿತ್ತು. ಅಲ್ಲಿ ಸೇರಿದೆ. ಬೈಸಿಕೊಂಡು, ಕೈ ಸುಟ್ಟುಕೊಂಡು ಕೆಲಸ ಕಲಿತೆ. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ನಾನು ಎಂದು ಹೇಳಿಕೊಳ್ಳುವುದು ನನಗೆ ರೂಢಿ. ಆ ಮಾತಿನಲ್ಲಿ ಒಂದು ಕಡೆ ಸುಳ್ಳಿದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ದಕ್ಷಿಣದಿಂದ ಬಂದವರೆಲ್ಲ ಅಲ್ಲಿನವರಿಗೆ ‘ಅಣ್ಣಾ’. ಗ್ಯಾರೇಜಿನ ಮಾಲೀಕರಾದ ಶೇಠ್ ನನ್ನನ್ನು ಒಂಬತ್ತು ವರ್ಷ ಅಣ್ಣಾ ಎಂದೇ ಕರೆದರು. ಗಿರಾಕಿಗಳೂ ಅಷ್ಟೆ. ಅಣ್ಣಾ ಎಲ್ಲಿ, ಅಣ್ಣಾ ನೋಡಿದನಾ, ಅಣ್ಣಾ ನೋಡಿದ್ದರೆ ಸರಿ. ಆ ಹೆಸರನ್ನು ನಾನು ದುಡಿದು ಸಂಪಾದಿಸಿದ್ದೆ. ಹತ್ತನೇ ವರ್ಷ, ನಾನು ಬರೆಯಹೊರಟ ಇವರು ಬಂದರು, ಗದಗದ ಕಡೆಯವರು. ಅಲ್ಲೆಲ್ಲೋ ಬಸ್ ಡಿಪೋದಲ್ಲಿ ದುಡಿದವರು. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವರು, ಆಳೂ ಎತ್ತರ. ಶೇಠ್ ಮೊದಲನೇ ದಿನವೇ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ನಕ್ಕರು.

“ಇವ ಮೋಟಾ ಅಣ್ಣಾ, ನೀನು ನಾನಾ ಅಣ್ಣಾ,” ಅಂದರು.

ಗುಜರಾತಿಯಲ್ಲಿ ಮೋಟಾ ಎಂದರೆ ದೊಡ್ಡವ, ನಾನಾ ಎಂದರೆ ಸಣ್ಣವ. ಒಂಬತ್ತು ವರ್ಷ ಅಣ್ಣನಾಗಿದ್ದವನು ಒಂದು ಬೆಳಿಗ್ಗೆ, ಚಹಾ ತಣಿಯುವುದರೊಳಗೆ, ಸಣ್ಣ ಅಣ್ಣನಾದೆ. ಸಂಜೆಯೊಳಗೆ ಇಡೀ ಸಾಲಿನ ಕಾರ್ಖಾನೆಯವರೆಲ್ಲ ಹಾಗೇ ಕರೆಯಲು ಶುರು ಮಾಡಿದ್ದರು. ಅವರ ಸ್ವಂತ ಹೆಸರನ್ನು ಅಲ್ಲಿ ಯಾರೂ ಹಿಡಿದು ಕರೆದವರಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಅವರು ನನ್ನನ್ನು ಕರೆಯುತ್ತಿದ್ದದ್ದು ‘ತಮ್ಮಾ’ ಎಂದು. ಪ್ರೀತಿಯಿಂದಲೇ ಕರೆಯುತ್ತಿದ್ದರು. ಅದೇ ನನಗೆ ಆಗುತ್ತಿರಲಿಲ್ಲ.

ಅವರ ಗುಜರಾತಿ ಕೇಳಬೇಕಿತ್ತು. ನಾನು ಅಷ್ಟು ವರ್ಷದಲ್ಲಿ ಅಲ್ಲಿನವರಂತೆಯೇ ಮಾತಾಡಲು ಕಲಿತಿದ್ದೆ. ಇವರದು ಅರ್ಧ ಹಿಂದಿ, ಕಾಲು ಕನ್ನಡ, ಉಳಿದದ್ದು ಕೈಸನ್ನೆ. ಆದರೆ ಗಿರಾಕಿಗಳು ಇವರ ಸುತ್ತಲೇ ನಿಲ್ಲುತ್ತಿದ್ದರು. ಇವರು ಏನೋ ತಪ್ಪು ಹೇಳುವುದು, ಅವರು ಬಿದ್ದು ಬಿದ್ದು ನಗುವುದು, ಕೊನೆಗೆ ಚಹಾ ತರಿಸುವುದು. ನಾನು ಶುದ್ಧ ಗುಜರಾತಿಯಲ್ಲಿ “ಗಾಡಿ ಆಯಿತು, ತೆಗೆದುಕೊಂಡು ಹೋಗಿ” ಎಂದರೆ ತೆಗೆದುಕೊಂಡು ಹೋಗುತ್ತಿದ್ದರು, ಅಷ್ಟೆ.

ಮನೆಯಲ್ಲೂ ಅದೇ ಕಥೆ. ನನ್ನ ಮಗಳು ಬರೋಡಾದಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಭಾನುವಾರ ಇವರು ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. ಅವಳನ್ನು ಎದುರು ಕೂರಿಸಿಕೊಂಡು, “ಏನವಾ, ಮುಂಜಾನೆ ಏನ ತಿಂದಿ?” ಎಂದರು.

“ಇಡ್ಲಿ ತಿಂದೇನ್ರೀ,” ಎಂದಳು ನನ್ನ ಮಗಳು.

ಉಡುಪಿ ಕಡೆಯವರ ಮನೆಯಲ್ಲಿ ಗದಗದ ಕನ್ನಡ! ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವರು ಹೋದ ಮೇಲೆ, “ಎಂತ ಒಳ್ಳೆ ಜನ ಮಾರಾಯ್ರೆ, ಮಾತಾಡಿದ್ರೆ ಹೊಟ್ಟೆ ತುಂಬ್ತದೆ,” ಎಂದಳು.

“ಹಾಗಾದ್ರೆ ಇವತ್ತು ಅಡುಗೆ ಮಾಡ್ಬೇಡ,” ಎಂದೆ ನಾನು.

ಕೆಲಸದ ವಿಷಯಕ್ಕೆ ಬರುತ್ತೇನೆ. ಅವರಿಗೆ ಅವಸರವೆಂಬುದು ಇರಲಿಲ್ಲ. ಎಣ್ಣೆಯ ಡಬ್ಬಿ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದರು. ಗ್ಯಾರೇಜಿನಲ್ಲಿ ಕೆಲಸ ಮುಗಿದ ಮೇಲೆ ಕೈ ತೊಳೆಯುವವರನ್ನು ಕಂಡಿದ್ದೆ, ಶುರು ಮಾಡುವ ಮುಂಚೆ ತೊಳೆಯುವವರನ್ನು ಇವರೊಬ್ಬರನ್ನೇ ಕಂಡದ್ದು. ಬಿಚ್ಚಿದ ನಟ್ಟುಗಳನ್ನು ಹಳೆಯ ಪೇಪರಿನ ಮೇಲೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ನನ್ನದು ಎಲ್ಲ ಒಂದೇ ಬೋಗುಣಿಗೆ. ಯಾವುದು ಎಲ್ಲಿಯದು ಎಂದು ನನ್ನ ಬೆರಳಿಗೆ ಗೊತ್ತಿತ್ತು, ಇವತ್ತಿಗೂ ಗೊತ್ತು. ವೇಗದಲ್ಲಿ ಅವರು ನನಗೆ ಸಾಟಿಯಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ, ನಿಜವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರಿದ್ದದ್ದು ಕ್ಲಚ್ ಕೆಲಸಕ್ಕೆ. ಆಗ ನಮ್ಮಲ್ಲಿಗೆ ಬರುತ್ತಿದ್ದ ಗಾಡಿಗಳದ್ದೆಲ್ಲ ಕೇಬಲ್ಲಿನ ಕ್ಲಚ್ಚು. ಹ್ಯಾಂಡಲಿನ ಲಿವರ್ ಒತ್ತಿದರೆ ತಂತಿ ಎಳೆಯುತ್ತದೆ, ತಂತಿ ಕ್ಲಚ್ಚನ್ನು ಬಿಡಿಸುತ್ತದೆ. ಹೊಸ ತಂತಿ ಹಾಕಿದರೆ ಮೊದಲ ಎರಡು ದಿನ ಎಳೆದು ಎಳೆದು ಅದು ಉದ್ದವಾಗುತ್ತದೆ, ಲಿವರ್ ಸಡಿಲ ಬೀಳುತ್ತದೆ. ಗಿರಾಕಿ ಮತ್ತೆ ಬರಬೇಕು, ಮತ್ತೆ ಬಿಗಿ ಮಾಡಿಸಿಕೊಳ್ಳಬೇಕು. ನನ್ನ ಕ್ರಮ ಬೇರೆ. ಎಲ್ಲ ಸರಿಯಾಗಿ ಕೂರಿಸಿದ ಮೇಲೆ ಲಿವರ್ ಬುಡದ ತಿರುಪನ್ನು ಕಾಲು ಸುತ್ತು ಹೆಚ್ಚಾಗಿಯೇ ಬಿಗಿ ಮಾಡಿ ಕಳಿಸುತ್ತಿದ್ದೆ. ಉಳಿದದ್ದನ್ನು ದಾರಿ ನೋಡಿಕೊಳ್ಳುತ್ತಿತ್ತು. ನಾನು ಹಾಕಿದ ಕೇಬಲ್ಲು ಎರಡನೇ ಸಲ ಗ್ಯಾರೇಜಿಗೆ ಬಂದದ್ದಿಲ್ಲ. ‘ನಾನಾ ಅಣ್ಣಾನ ಕಾಲು ಸುತ್ತು’ ಎಂದು ಶೇಠ್ ಹೊಸ ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ತೊಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಟೆಂಪೋದಲ್ಲಿ ಹಗ್ಗ ಕಟ್ಟಿಕೊಂಡು ಜಪಾನಿನ ದೊಡ್ಡ ಬೈಕೊಂದು ಬಂದಿಳಿಯಿತು. ಬಣ್ಣದ ಕಾರ್ಖಾನೆಯ ಯುವಕ ಮಾಲೀಕರೊಬ್ಬರದು, ವಿದೇಶದ ನೆಂಟರಿಂದ ತರಿಸಿಕೊಂಡದ್ದು. ಬಹಳ ದಿನ ನಿಂತು ನಿಂತು ಅದರ ಕ್ಲಚ್ ಸತ್ತುಹೋಗಿತ್ತು. ಲಿವರ್ ಒತ್ತಿದರೆ ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ, ಆ ಕಡೆ ಏನೂ ಆಗುತ್ತಿರಲಿಲ್ಲ. ಬಗ್ಗಿ ನೋಡಿದೆ. ತಂತಿಯೇ ಇಲ್ಲ! ಹ್ಯಾಂಡಲಿನ ಮೇಲೆ ಸಣ್ಣದೊಂದು ಎಣ್ಣೆ ಡಬ್ಬಿ, ಅಲ್ಲಿಂದ ಕೆಳಗೆ ಇಂಜಿನ್ನಿನವರೆಗೆ ಒಂದು ಕರಿಯ ಪೈಪು. ತಂತಿಯ ಕೆಲಸವನ್ನು ಎಣ್ಣೆ ಮಾಡುತ್ತದೆ.

ಶೇಠ್ ಇಬ್ಬರನ್ನೂ ಕರೆದರು. ಊರಿನ ಸಿರಿವಂತರಿರುವ ಅಲ್ಕಾಪುರಿಯಲ್ಲಿ ಇಂಥ ಗಾಡಿಗಳಿಗೆಂದೇ ಒಂದು ಅಂಗಡಿ ತೆರೆಯುತ್ತೇನೆ, ಗಾಜಿನ ಬಾಗಿಲಿನದು, ಅದನ್ನು ನಡೆಸಲು ಒಬ್ಬ ಅಣ್ಣಾ ಬೇಕು ಎಂದರು. ಈ ಗಾಡಿ ಯಾರ ಕೈಯಲ್ಲಿ ಸರಿಯಾಗುತ್ತದೋ ಅವರಿಗೆ ಆ ಅಂಗಡಿ. ಹಳಬನೆಂದು ಮೊದಲ ಅವಕಾಶ ನನಗೇ ಕೊಟ್ಟರು.

ಆ ಅಂಗಡಿ ನನಗೆ ಬೇಕೇ ಬೇಕಿತ್ತು. ನನ್ನ ಮಾವನ ಹೋಟೆಲು ಅಲ್ಕಾಪುರಿಯಲ್ಲೇ ಇತ್ತು. ಮಗಳನ್ನು ಕೈ ಕಪ್ಪಾದವನಿಗೆ ಕೊಟ್ಟೆ ಎಂದು ಅವರು ದುಡ್ಡಿನ ಗಲ್ಲೆಯ ಮುಂದೆ ಕೂತು ಬಂದವರಿಗೆಲ್ಲ ಹೇಳುವುದು ನನ್ನ ಕಿವಿಗೆ ಬಿದ್ದಿತ್ತು. ಅವರ ಹೋಟೆಲಿನ ಬೀದಿಯಲ್ಲೇ ಗಾಜಿನ ಬಾಗಿಲು ತೆರೆದು ನಾನು ಹೊರಗೆ ಬಂದು ನಿಲ್ಲಬೇಕು. ಹತ್ತು ವರ್ಷದ ದುಡಿಮೆಗೆ ನನಗೆ ಬೇಕಾಗಿದ್ದದ್ದು ಅದೊಂದೇ.

ನಾಲ್ಕು ದಿನ ಒದ್ದಾಡಿದೆ. ಲಾರಿ ಬ್ರೇಕಿನ ಕೆಲಸದವನೊಬ್ಬನ ಹತ್ತಿರ ಹೋಗಿ, ಯಾಕೆಂದು ಹೇಳದೆ, ಎಣ್ಣೆ ಹಾಕುವುದು, ಪೈಪಿನ ಗಾಳಿ ಹೊರಗೆ ತೆಗೆಯುವುದು ಎಲ್ಲ ನೋಡಿಕೊಂಡು ಬಂದೆ. ನಮ್ಮ ಗ್ಯಾರೇಜಿನಲ್ಲೇ ಬಸ್ಸಿನ ಬ್ರೇಕು ಮಾಡಿ ಬಂದವರೊಬ್ಬರು ಇದ್ದರು. ಅವರನ್ನು ಕೇಳಲು ನಾಲಿಗೆ ಏಳಲಿಲ್ಲ. ಎರಡನೇ ದಿನ ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಾಗ ಅವರೇ ಹತ್ತಿರ ಬಂದರು.

“ತಮ್ಮಾ, ಮುಚ್ಚಳ ಒರಸಿ ತಗಿ. ಒಂದು ಕಣ ಮಣ್ಣು ಒಳಗ ಹೋತಂದ್ರ ಹೊರಗ ಬರೂದಿಲ್ಲ.”

“ನನಗೆ ಗೊತ್ತುಂಟು,” ಎಂದೆ.

ಗೊತ್ತಿರಲಿಲ್ಲ. ಅವರು ಆ ಕಡೆ ಹೋದ ಮೇಲೆ ಒರೆಸಿದೆ.

ಕ್ಲಚ್ಚಿಗೆ ಜೀವ ಬಂತು. ಓಡಿಸಿ ನೋಡಬೇಕಲ್ಲ. ಗೇಟಿನ ಹೊರಗೆ ತಂದು ಗೇರ್ ಹಾಕಿ ಲಿವರ್ ಬಿಟ್ಟೆ. ಗಾಡಿ ಒಂದು ಸಲ ಕುಪ್ಪಳಿಸಿ ನಿಂತುಹೋಯಿತು. ಮತ್ತೆ ಬಿಟ್ಟೆ, ಮತ್ತೆ ನಿಂತಿತು. ಎದುರಿನ ಕಾರ್ಖಾನೆಯ ಲೋಡಿಂಗಿನವರು ಬೀಡಿ ಸೇದುತ್ತ ಕೂತಿದ್ದರು. ಮೂರನೇ ಸಲಕ್ಕೆ ಅವರಲ್ಲೊಬ್ಬ, “ನಾನಾ ಅಣ್ಣಾ, ತಳ್ಳಲೇನು?” ಎಂದು ಕೂಗಿದ.

ತಂತಿಯ ಕ್ಲಚ್ಚು ಕೈಗೆ ಸುದ್ದಿ ಕೊಡುತ್ತದೆ. ಈಗ ಹಿಡಿಯುತ್ತಿದೆ ಎಂದು ಬೆರಳಿಗೆ ಒಂದು ಸಣ್ಣ ನಡುಕ ಬರುತ್ತದೆ. ಎಣ್ಣೆಯದು ಮೂಕ. ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಒಂದೂ ಹೇಳುವುದಿಲ್ಲ. ಹತ್ತು ವರ್ಷ ನನ್ನ ಕೈ ಯಾವ ಮಾತು ಕೇಳಿಕೊಂಡು ಬಂದಿತ್ತೋ ಆ ಮಾತೇ ಅಲ್ಲಿರಲಿಲ್ಲ.

“ನಾನೊಂದು ಸುತ್ತು ನೋಡಲೇನು?” ಎಂದು ಮೋಟಾ ಅಣ್ಣಾ ಕೇಳಿದರು. ಶೇಠ್ ಅಲ್ಲೇ ನಿಂತಿದ್ದರು, ಬೇಡವೆನ್ನಲು ಆಗಲಿಲ್ಲ. ಅವರು ಕೂತರು, ಎರಡೇ ಬೆರಳಿನಲ್ಲಿ ಲಿವರ್ ಹಿಡಿದರು, ಬಿಟ್ಟರು. ಅಷ್ಟು ಭಾರದ ಗಾಡಿ ನೀರಿನ ಮೇಲಿನ ದೋಣಿಯ ಹಾಗೆ ಸರಿದು ಹೋಯಿತು. ಲೋಡಿಂಗಿನವರು ಚಪ್ಪಾಳೆ ತಟ್ಟಿದರು. ನಾಲ್ಕು ದಿನ ಬೆವರು ಸುರಿಸಿದ್ದು ನಾನು, ಚಪ್ಪಾಳೆ ಅವರಿಗೆ.

ವಾಪಸ್ಸು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. “ಕೈಗೆ ಕೇಳಬ್ಯಾಡ ತಮ್ಮಾ, ಕುಂಡಿಗೆ ಕೇಳು. ಗಾಡಿ ಹಿಡದದ್ದು ಮೊದಲು ಅದಕ್ಕ ಗೊತ್ತಾಗತೈತಿ.”

ಬೇರೆ ಯಾರು ಹೇಳಿದ್ದರೂ ನಗುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗಾಡಿಯನ್ನು ಹಿಂದಿನ ಗೋಡೆಯ ಹತ್ತಿರ ಒಯ್ದು, ಗೇರ್ ಹಾಕಿ, ಒಂದು ಮೊಳ ಮುಂದೆ, ಮತ್ತೆ ತಳ್ಳಿಕೊಂಡು ಒಂದು ಮೊಳ ಹಿಂದೆ, ಹೀಗೆ ಎಷ್ಟು ಸಲ ಮಾಡಿದೆನೋ. ಸೀಟು ಮುಂದಕ್ಕೆ ತಳ್ಳಿದಂತಾಗುವ ಒಂದು ಕ್ಷಣವಿತ್ತು. ಅದನ್ನು ಹಿಡಿದ ಮೇಲೆ ಗಾಡಿ ನಿಲ್ಲಲಿಲ್ಲ. ಅವರು ಹೇಳಿದ್ದು ಸರಿಯಿತ್ತು. ಅದಕ್ಕೂ ಸಿಟ್ಟು ಬಂತು.

ಮರುದಿನ ಬೈಕಿನ ಮಾಲೀಕರು ಅದರಲ್ಲೇ ಸೂರತ್ತಿಗೆ ಮದುವೆಗೆ ಹೋಗುವವರಿದ್ದರು. ಸಂಜೆ ಕೊನೆಯ ಸಲ ಎಲ್ಲ ನೋಡಿ, ಒರೆಸಿ, ಹತ್ತು ವರ್ಷದ ಅಭ್ಯಾಸದಂತೆ ಲಿವರ್ ಬುಡದ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದೆ. ಯಾಕೆ ಎಂದು ಯೋಚಿಸಲೇ ಇಲ್ಲ. ಕೈ ತಾನಾಗಿ ಮಾಡಿತು. ಲಿವರ್ ಈಗ ಗಟ್ಟಿಯಾಗಿ, ಚಂದವಾಗಿ ಕೈಗೆ ಸಿಗುತ್ತಿತ್ತು.

ಮನೆಗೆ ಹೊರಟ ಮೋಟಾ ಅಣ್ಣಾ ಗಾಡಿಯ ಹತ್ತಿರ ನಿಂತರು. ಎರಡು ಬೆರಳಿನಲ್ಲಿ ಲಿವರ್ ಒತ್ತಿ ಬಿಟ್ಟರು. ಮತ್ತೊಂದು ಸಲ ಒತ್ತಿದರು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತವು. ನನ್ನ ಮುಖ ನೋಡಿದರು. ಏನೋ ಹೇಳುವವರಂತೆ ಕಂಡರು. ಕೊನೆಗೆ ಏನೂ ಹೇಳದೆ ಹೊರಟುಹೋದರು. ಆ ನೋಟವನ್ನು ನಾನು ಹೊಟ್ಟೆಯುರಿ ಎಂದುಕೊಂಡೆ. ಕೊನೆಗೂ ಅವರ ಹೊಟ್ಟೆಯೂ ಉರಿಯಿತಲ್ಲ ಎಂದು ಆ ದಿನ ಮನೆಯಲ್ಲಿ ಎರಡು ತುತ್ತು ಹೆಚ್ಚೇ ಉಂಡೆ.

ಮರುದಿನ ಮಧ್ಯಾಹ್ನ ಸೂರತ್ತಿನ ದಾರಿಯ ಭರೂಚಿನಿಂದ ಫೋನು. ಬೈಕು ನಡುದಾರಿಯಲ್ಲಿ ನಿಂತಿದೆ, ಇಂಜಿನ್ನು ಬೊಬ್ಬೆ ಹಾಕುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಶೇಠ್ ನನ್ನ ಮೇಲೆ ಕೂಗಾಡಿ, ಇಬ್ಬರೂ ಹೋಗಿ ಎಂದು ಸ್ಕೂಟರ್ ಕೊಟ್ಟರು. ನಾನು ಓಡಿಸಿದೆ, ಅವರು ಉಪಕರಣದ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಬೇಸಿಗೆಯ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕ್ಲಚ್ ಪ್ಲೇಟು ಸುಟ್ಟಿರಬೇಕು, ಇಂಜಿನ್ ಬಿಚ್ಚಬೇಕು, ಅಂಗಡಿ ಕೈತಪ್ಪಿತು, ಮಾವ ಗಲ್ಲೆಯ ಮುಂದೆ ಕೂತು ಇದನ್ನೂ ಹೇಳುತ್ತಾರೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ.

ಆಗಷ್ಟೇ ಇನ್ನೊಮ್ಮೆ ಓಡಿಸಲು ನೋಡಿ ಸೋತಿದ್ದ ಮಾಲೀಕರು ರಸ್ತೆಯ ಆಚೆ ಬದಿಯ ಚಹಾದಂಗಡಿಯ ನೆರಳಿನಲ್ಲಿ ಕೂತಿದ್ದರು. ನಮ್ಮನ್ನು ಕಂಡು ಅಲ್ಲಿಂದಲೇ ಕೈ ಬೀಸಿದರು, ಎದ್ದು ಬರಲಿಲ್ಲ. ಬೈಕು ಈಚೆ ಬದಿಯಲ್ಲಿ ಬೇವಿನ ಮರದ ಕೆಳಗಿತ್ತು. ಇವರು ಕೂತು, ಪೈಪು ಇಂಜಿನ್ನಿಗೆ ಸೇರುವ ಜಾಗವನ್ನು ಬೆರಳಿನಿಂದ ಮುಟ್ಟಿ ಸರಕ್ಕನೆ ಕೈ ಹಿಂದೆ ತೆಗೆದರು.

“ಎಂಟರ ಪಾನಾ ಕೊಡು.”

ಸ್ಪ್ಯಾನರ್ ಕೊಟ್ಟೆ. ಗಾಳಿ ತೆಗೆಯುವ ಸಣ್ಣ ನಟ್ಟಿಗೆ ಅದನ್ನು ಕೂರಿಸಿದರು. ತಿರುಗಿಸಲಿಲ್ಲ. ನನ್ನ ಕೈ ಹಿಡಿದು ಅದರ ಮೇಲಿಟ್ಟರು.

“ನೀನ ಬಿಚ್ಚು. ನಿನ್ನ ಕೈಯಿಂದ ಬಿಗಿ ಆಗೇತಿ, ನಿನ್ನ ಕೈಯಿಂದನ ಸಡ್ಲ ಆಗಲಿ.”

ಅರ್ಧ ಸುತ್ತು ಬಿಚ್ಚಿದೆ. ಕುದಿಯುವ ಎಣ್ಣೆ ಒಂದು ಚಮಚದಷ್ಟು ಚಿಮ್ಮಿತು. ಬಿಗಿ ಮಾಡಿದೆ. ಅವರು ಬೈಕಿಗೆ ಗೇರ್ ಹಾಕಿ ಹಿಂದಿನಿಂದ ತಳ್ಳಿ ನೋಡಿದರು. ಗಾಲಿ ಅಲುಗಲಿಲ್ಲ. ಕ್ಲಚ್ ಹಿಡಿದಿತ್ತು.

“ತಂತಿಗೆ ದಾರಿ ಸಡ್ಲ ಕೊಡತೈತಿ ತಮ್ಮಾ, ಎಣ್ಣಿಗೆ ದಾರಿ ಬಿಗಿ ಕೊಡತೈತಿ,” ಎಂದರು. “ಎಣ್ಣಿ ಕಾಯ್ದ್ರ ಹಿಗ್ಗತೈತಿ. ಹಿಗ್ಗಿದ್ದು ತಿರುಗಿ ಡಬ್ಬಿಗೆ ಹೋಗಾಕ ಲಿವರ್ ಬುಡಕ ಒಂದು ಸಣ್ಣ ತೂತು ಇರತೈತಿ. ನಿನ್ನ ಕಾಲು ಸುತ್ತು ಆ ತೂತು ಮುಚ್ಚೇತಿ. ಹೋಗಾಕ ಜಾಗಾ ಇಲ್ಲದಕ್ಕ ಎಣ್ಣಿ ತಾನ ಕ್ಲಚ್ ಒತ್ತಿಕೊಂಡು ನಿಂತೈತಿ. ಯಾರೂ ಲಿವರ್ ಹಿಡೀದಿದ್ರೂ ಹಿಡದಂಗ.”

ಲಿವರ್ ಬುಡದ ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸತೊಡಗಿದೆ. ಅಷ್ಟರಲ್ಲಿ ಮಾಲೀಕರು ರಸ್ತೆ ದಾಟಿ ಬಂದರು. ಅವರಿಗೆ ಕಂಡದ್ದು ಇಷ್ಟೆ: ಬೈಕಿನ ಮುಂದೆ ಕೂತು ಕೆಲಸ ಮಾಡುತ್ತಿರುವ ನಾನು, ಮರಕ್ಕೊರಗಿ ಬೆವರು ಒರೆಸುತ್ತಿರುವ ಇವರು. ಗಾಡಿ ಹತ್ತಿ ಸೇತುವೆಯ ಕಡೆಗೆ ಒಂದು ಸುತ್ತು ಹೊರಟರು.

“ನಿನ್ನೆ ಲಿವರ್ ಒತ್ತಿ ನೋಡಿದಿರಲ್ಲ, ಆಗಲೇ ಗೊತ್ತಾಗಿತ್ತಾ?” ಎಂದು ಕೇಳಿದೆ.

“ಆಗಿತ್ತು.”

“ಮತ್ತೆ ಎಂತಕ್ಕೆ ಹೇಳಲಿಲ್ಲ?”

ಅವರು ನೀರಿನ ಕ್ಯಾನಿನಿಂದ ಕೈ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ. “ನನಗೂ ಆ ಅಂಗಡಿ ಬೇಕಾಗಿತ್ತಪಾ.”

ಹೊಡೆದುಬಿಡುವಷ್ಟು ಸಿಟ್ಟು ಬಂತು. ಅದರ ಹಿಂದೆಯೇ, ಸುಳ್ಳು ಯಾಕೆ ಹೇಳಲಿ, ಒಂದು ಖುಷಿ ಬಂತು. ಇವರೂ ನನ್ನ ಹಾಗೆಯೇ ಎಂಬ ಖುಷಿ. ಅಷ್ಟು ದಿನದಲ್ಲಿ ಮೊದಲ ಸಲ ಅವರ ಜೊತೆ ಕೂತು ಚಹಾ ಕುಡಿಯುವಾಗ ನನಗೆ ಹಗುರವಾಗಿತ್ತು. ಆ ಹಗುರ ಮೂರು ದಿನ ಉಳಿಯಿತು.

ನಾಲ್ಕನೇ ದಿನ ಮಾಲೀಕರು ಸೂರತ್ತಿನಿಂದ ಮಿಠಾಯಿ ಡಬ್ಬ ಹಿಡಿದುಕೊಂಡು ಗ್ಯಾರೇಜಿಗೆ ಬಂದರು. ನಾನಾ ಅಣ್ಣಾ ನಡುರಸ್ತೆಯಲ್ಲಿ ಐದು ನಿಮಿಷದಲ್ಲಿ ಸರಿ ಮಾಡಿದ, ಅಲ್ಲಿಂದ ಹೋಗಿ ಬರುವವರೆಗೆ ಒಂದು ತೊಂದರೆಯಿಲ್ಲ, ಇಂಥ ಕೈ ನಾನು ಕಂಡಿಲ್ಲ ಎಂದು ಶೇಠರ ಮುಂದೆ ಹೊಗಳಿದರು. ಶೇಠ್ ನನ್ನ ಬೆನ್ನು ತಟ್ಟಿ, “ಅಲ್ಕಾಪುರಿ ನಾನಾ ಅಣ್ಣಾನಿಗೆ. ಮೋಟಾ ಅಣ್ಣಾ, ನಿನ್ನದೇನು?” ಎಂದರು.

ಅವರು ಅಲ್ಲೇ ಇದ್ದರು, ಕೈಯಲ್ಲಿ ಹತ್ತಿಯ ಚಿಂದಿ. ಈಗ ಬಾಯಿ ತೆರೆಯುತ್ತಾರೆ ಎಂದು ನಾನು ಕಾದೆ. ತೆರೆದರೆ ನಾನು ಮುಗಿದೆ. “ಬರಾಬರ್,” ಎಂದರು ಅವರು ತಮ್ಮ ಕೆಟ್ಟ ಗುಜರಾತಿಯಲ್ಲಿ. ಒಂದು ಪೇಡೆ ತೆಗೆದುಕೊಂಡು ಹೊರಗೆ ಹೋದರು.

ಹಿಂದೆಯೇ ಹೋದೆ. “ನೀವು ಹೇಳಬಹುದಿತ್ತಲ್ಲ.”

“ಹೇಳೂ ದಿನ ಹೇಳಲಿಲ್ಲ ತಮ್ಮಾ. ಅವತ್ತ ಹೇಳಿದ್ರ ನಿನಗ ಒಳ್ಳೇದಾಗತಿತ್ತು, ಬಾಯಿ ಮುಚ್ಚಿಕೊಂಡೆ. ಇವತ್ತ ಹೇಳಿದ್ರ ನನಗ ಒಳ್ಳೇದಾಗತೈತಿ, ಅದಕ್ಕ ಬಾಯಿ ತಗದ್ರ ನಾ ಎಂಥಾ ಮನಶ್ಯಾ?” ಪೇಡೆಯನ್ನು ಬಾಯಿಗೆ ಹಾಕಿಕೊಂಡರು. “ನೀ ಹೇಳೂದಿದ್ರ ಹೇಳು. ನಾ ಬ್ಯಾಡ ಅನ್ನೂದಿಲ್ಲ.”

ಶೇಠ್ ಒಳಗೇ ಇದ್ದರು, ಹತ್ತು ಹೆಜ್ಜೆ ದೂರದಲ್ಲಿ. ನಾನು ಹೇಳಲಿಲ್ಲ.

ಅಲ್ಕಾಪುರಿಯ ಅಂಗಡಿ ಚೆನ್ನಾಗಿ ನಡೆಯಿತು. ಅಹಮದಾಬಾದಿನಿಂದಲೂ ಗಾಡಿಗಳು ಬರತೊಡಗಿದವು. ಎಣ್ಣೆಯ ಕ್ಲಚ್ಚಿಗೆ ನನ್ನ ಕೈ ಎಷ್ಟು ಒಗ್ಗಿತೆಂದರೆ ಆಮೇಲೆ ಕೇಬಲ್ಲಿನದೇ ಒರಟು ಎನಿಸುತ್ತಿತ್ತು. ಮಾವ ತಾವೇ ಅಂಗಡಿಗೆ ಚಹಾ ಕಳಿಸಲು ಶುರು ಮಾಡಿದರು. ಭರೂಚಿನ ಕಥೆ ಅವರ ಬಾಯಲ್ಲಿ ಬೆಳೆಯಿತು, ನನ್ನ ಹೆಂಡತಿಯ ಬಾಯಲ್ಲಿ ಇನ್ನೂ ಬೆಳೆಯಿತು. ನಾನು ಆ ಕಥೆಯನ್ನು ಎಂದೂ ಹೇಳಿದವನಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಅವರು ಮಕರಪುರದಲ್ಲೇ ಉಳಿದರು. ಕೆಲವು ಸಲ ನನ್ನಲ್ಲಿಗೆ ಬಂದ ಗಾಡಿಯ ಎಣ್ಣೆ ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೊದಲು ಯಾರು ನೋಡಿದ್ದು ಎಂದು ಕೇಳುವುದೇ ಬೇಡ. ಅಂಥ ಗಾಡಿಯಲ್ಲಿ ತಪ್ಪು ಹುಡುಕಲು ನಾನು ಬೇಕೆಂದೇ ಸಮಯ ಹಾಕುತ್ತಿದ್ದೆ. ಸಿಕ್ಕಿದ್ದಿಲ್ಲ. ಒಮ್ಮೆ ಗಿರಾಕಿಯೊಬ್ಬ, “ಮೋಟಾ ಅಣ್ಣಾ ಹೇಳಿದ, ಕ್ಲಚ್ಚಿಗೆ ನಾನಾ ಅಣ್ಣಾನ ಹತ್ತಿರವೇ ಹೋಗು, ಅವನಷ್ಟು ನನಗೆ ಬರುವುದಿಲ್ಲ ಅಂತ,” ಎಂದ. ನನಗೆ ಸಂತೋಷವಾಗಬೇಕಿತ್ತು. ಆ ದಿನ ಯಾರ ಮೇಲೋ ಸುಮ್ಮನೆ ರೇಗಿದೆ.

ಅಂಗಡಿ ನನ್ನದಾಗಿತ್ತು, ಅಲ್ಲಿಗೆ ಹೊಟ್ಟೆಕಿಚ್ಚು ಮುಗಿಯಬೇಕಿತ್ತಲ್ಲ. ಮುಗಿಯಲಿಲ್ಲ. ಮೊದಲು ಅವರ ಕೈಯ ಮೇಲೆ ಇದ್ದದ್ದು ಆಮೇಲೆ ಅವರ ನಿದ್ರೆಯ ಮೇಲೆ ಬಂತು. ಅವರು ತಮ್ಮ ತಪ್ಪಿಗೆ ತಾವೇ ಶಿಕ್ಷೆ ಹಾಕಿಕೊಂಡು, ಪೇಡೆ ತಿಂದು, ಆರಾಮಾಗಿ ಕೆಲಸಕ್ಕೆ ಹೋದವರು. ನನಗೆ ಅದು ಆಗಲಿಲ್ಲ.

ಎಂಟು ವರ್ಷದ ನಂತರ, ಒಂದು ಬೆಳಿಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮೂರನೇ ದಿನ ನಾನು, ನನ್ನ ಹೆಂಡತಿ ಅವರ ಮನೆಗೆ ಹೋದೆವು. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಒಳಗಿಂದ ಯಾರೋ ಚಹಾ ತಂದು ಎದುರಿಗಿಟ್ಟರು.

“ನಿಮ್ಮನ್ನ ಭಾಳ ಹೊಗಳತಿದ್ರು ಅಣ್ಣಾರ,” ಎಂದರು ಆಕೆ. “ಅವನ ಕೈ ದೊಡ್ಡದು, ಅದಕ್ಕ ಅಲ್ಕಾಪುರಿ ಅಂಗಡಿ ಅವಗ ಬಂತು, ನನಗ ಅಷ್ಟು ಬರೂದಿಲ್ಲ ಅಂತಿದ್ರು.”

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು, ಹೆಮ್ಮೆಯಿಂದ. ಆ ನೋಟ ನನಗೆ ತಡೆಯಲಾಗಲಿಲ್ಲ.

“ಅಕ್ಕ, ಅದು ಹಾಗಲ್ಲ,” ಎಂದೆ. ಹೇಳಿದೆ. ಕಾಲು ಸುತ್ತು ಹೇಳಿದೆ, ಮುಚ್ಚಿದ ತೂತು ಹೇಳಿದೆ, ಭರೂಚಿನ ಬೇವಿನ ಮರ, ಅವರು ನನ್ನ ಕೈಗೆ ಕೊಟ್ಟ ಪಾನಾ, ಶೇಠರ ಮುಂದೆ ನಾನು ಬಾಯಿ ಬಿಡದಿದ್ದದ್ದು, ಎಲ್ಲ ಹೇಳಿದೆ. ಅವರು ಹಿಂದಿನ ದಿನ ಲಿವರ್ ಒತ್ತಿ ಸುಮ್ಮನೆ ಹೋದದ್ದನ್ನು ಮಾತ್ರ ಹೇಳಲಿಲ್ಲ. ಅಷ್ಟಾದರೂ ನನ್ನಿಂದ ಆಗಲಿ ಎಂದು. ಹೇಳಿ ಮುಗಿಸಿದಾಗ ನನ್ನ ಹೆಂಡತಿ ತಲೆ ತಗ್ಗಿಸಿದ್ದಳು.

ಅವರ ಹೆಂಡತಿ ಬೈಯಲಿ ಎಂದು ಕಾದೆ. ಬೈದರೆ ತೀರಿತು ಎಂದುಕೊಂಡಿದ್ದೆ.

“ಎಂಟು ವರ್ಷ ನಾ ಅವರನ್ನ ಚುಚ್ಚಿ ಆಡೇನ್ರಿ,” ಎಂದರು ಕೊನೆಗೆ. “ನಿಮಗ ಕೈ ಸಾಲದು, ನಿಮಗಿಂತ ಸಣ್ಣಾಂವ ಅಂಗಡಿ ಹೊಡಕೊಂಡು ಹೋದ, ನೀವು ಮಸಿ ಬಡಕೊಂಡು ಇಲ್ಲೇ ಉಳದ್ರಿ ಅಂತ. ಉಣ್ಣಾಕ ಕುಂತಾಗೆಲ್ಲ ಆಡೇನಿ. ಹ್ಞೂಂ ಅಂತಿದ್ರು. ಇನ್ನೊಂದು ರೊಟ್ಟಿ ಹಾಕು ಅಂತಿದ್ರು.”

ಸೆರಗಿನಿಂದ ಮುಖ ಮುಚ್ಚಿಕೊಂಡರು. “ಇದ್ದಾಗ ಬಂದು ಹೇಳಬಾರದಿತ್ತೇನ್ರಿ? ಒಂದು ದಿನ ಮೊದಲು?”

ನಾವು ಎದ್ದು ಬಂದೆವು. ಚಹಾ ಹಾಗೇ ಉಳಿಯಿತು.

ಎಂಟು ವರ್ಷ ಅವರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನವಾದೀತು. ಇದನ್ನು ಓದಿದವರು ಯಾರೂ ಹಾಗೆ ಹೇಳುವುದಿಲ್ಲವೆಂದು ನನಗೆ ಗೊತ್ತು.